ಮಲೆ ಮೇಲಿನ ಊರಿನ ಜೀವನ



ನಮ್ಮ ಸಮಾಜ ಪುಸ್ತಕದಲ್ಲಿ ಮರುಭೂಮಿಯ ಜನಜೀವನ ಇದೆ, ಹಿಮಾಲಯದ ಜನಜೀವನವೂ ಇದೆ. ನಮ್ಮ ಮಲೆಯದ್ದು ಮಾತ್ರ ಇಲ್ಲ. ಟಾರ್ ರಸ್ತೆ ಪಕ್ಕದ ಊರಿನವರು ನನ್ನನ್ನು "ನೀವು ಅಲ್ಲಿ ಹೆಂಗ್ ಇರ್ತೀರಾ?" ಅಂತ ದಿನಾ ಕೇಳ್ತಾರೆ. ಎಲ್ಲರಿಗೂ ಒಂದೇ ಸಲ ಉತ್ತರ ಆಗಲಿ ಎಂದು ಈ ಲೇಖನ ಬರೆಯುತ್ತಿದ್ದೇನೆ.

ಚಾಮರಾಜನಗರ ಜಿಲ್ಲೆ 1997ರಲ್ಲಿ ಮೈಸೂರಿನಿಂದ ಬೇರೆಯಾಯಿತು. ಅದರ ಪೂರ್ವದ ಕಡೆ ಹನೂರು ತಾಲ್ಲೂಕು, ಅಲ್ಲಿ ಮಲೆ ಮಹದೇಶ್ವರ ಬೆಟ್ಟ. ಮಾದಪ್ಪನಿಗೆ ಎಪ್ಪತ್ತೇಳು ಮಲೆ ಎನ್ನುತ್ತಾರೆ. ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಎಂಬ ಏಳರ ಹೆಸರು ನಮ್ಮ ಅಜ್ಜಿ ಒಂದೇ ಉಸಿರಿಗೆ ಹೇಳ್ತಾರೆ. ಶಿವರಾತ್ರಿ, ದೀಪಾವಳಿ, ಯುಗಾದಿಗೆ ಲಕ್ಷಗಟ್ಟಲೆ ಭಕ್ತರು ಬಸ್ಸಿನಲ್ಲಿ ಬರುತ್ತಾರೆ. ಬಸ್ಸು ದೇವಸ್ಥಾನದ ಹತ್ತಿರ ನಿಲ್ಲುತ್ತದೆ. ಅದರಾಚೆ ಕಾಡಿನೊಳಗೆ ಬೇಡಗಂಪಣರ ಊರುಗಳು, ಸೋಲಿಗರ ಪೋಡುಗಳು ಇವೆ. ಅಂಥ ಒಂದು ಊರು ನಮ್ಮದು. ಕೆಲವು ಊರಿಗೆ ಜೀಪು ಹೋಗುತ್ತದೆ. ನಮ್ಮೂರಿಗೆ ಕಾಲುದಾರಿ, 7 ಕಿಲೋಮೀಟರ್. ಇಳಿಯೋಕೆ ಎರಡು ಗಂಟೆಗೆ ವಸಿ ಕಮ್ಮಿ, ಹತ್ತೋಕೆ ಎರಡೂವರೆ ಗಂಟೆ.

ಹವಾಮಾನದ ವಿಷಯ. ಪ್ರತಿ 165 ಮೀಟರ್ ಮೇಲೆ ಹೋದರೆ ಉಷ್ಣಾಂಶ 1 ಡಿಗ್ರಿ ಇಳಿಯುತ್ತದೆ ಎಂದು ಪಾಠದಲ್ಲಿದೆ. ಬೆಟ್ಟ ಸುಮಾರು 3000 ಅಡಿ, ಅಂದರೆ 915 ಮೀಟರ್. ಭಾಗಿಸಿದರೆ ಸಮುದ್ರಮಟ್ಟಕ್ಕಿಂತ ಐದೂವರೆ ಡಿಗ್ರಿ ತಂಪು. ಪಾಲಾರ್ ಕಡೆ ಇಳಿದವರಿಗೆ ಈ ಲೆಕ್ಕ ಬೇಕಿಲ್ಲ, ಮೈಯೇ ಹೇಳುತ್ತದೆ.

ಈಗ ನೀರು. ಮಳೆ ಬೀಳುವ ಬೆಟ್ಟದಲ್ಲಿ ನೀರಿಗೆ ಯಾಕೆ ಬರ ಎಂದು ಎಲ್ಲರೂ ಕೇಳ್ತಾರೆ. ನಮ್ಮಲ್ಲಿ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬರುತ್ತದೆ. ಮಣ್ಣಿನ ಪದರ ತೆಳು, ಕೆಳಗೆ ಗಟ್ಟಿ ಕಲ್ಲು. ನೀರು ಇಂಗುವುದಕ್ಕೆ ಮೊದಲೇ ಹಳ್ಳಕ್ಕೆ ಹರಿದು ಕೆಳಗೆ ಹೋಗಿಬಿಡುತ್ತದೆ. ಕಾವೇರಿ ಸೇರಿ ಮೆಟ್ಟೂರಿಗೆ ಹೋಗುತ್ತದೆ. ನಾವು ಮೇಲೆ ನಿಂತು ನೋಡೋದು, ಅಷ್ಟೆ. ಮಾರ್ಚ್ ಬಂದರೆ ದೊಣೆ ಬತ್ತುತ್ತದೆ, ಹಳ್ಳದ ಮರಳಲ್ಲಿ ಚಿಲುಮೆ ತೋಡಿ ಬಟ್ಟಲಲ್ಲಿ ಮೊಗೆಯಬೇಕು. ಹೋದ ಬೇಸಿಗೆ ರಜೆಯಲ್ಲಿ ನಾನು ಲೆಕ್ಕ ಹಾಕಿದೆ. ಅವ್ವ ಮತ್ತು ನಾನು ಸೇರಿ ದಿನಕ್ಕೆ 6 ಬಿಂದಿಗೆ ತಂದೆವು. ಬಿಂದಿಗೆಗೆ 15 ಲೀಟರ್ ಹಿಡಿದರೆ 90 ಲೀಟರ್. ಮನೆಯಲ್ಲಿ ಐದು ಜನ, ಒಬ್ಬರಿಗೆ 18 ಲೀಟರ್. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದಿದೆ. ಈ ಲೆಕ್ಕ ಅವ್ವನಿಗೆ ಹೇಳಿದ್ದಕ್ಕೆ, "ಅಷ್ಟೊಂದು ನೀರು ಇಟ್ಕೊಳಕೆ ಪಾತ್ರೆ ಎಲ್ಲದೆ ಮಗ?" ಅಂದರು.

ಮುಖ್ಯ ಬೆಳೆ ರಾಗಿ. ಜೊತೆಗೆ ಅವರೆ, ಹುಚ್ಚೆಳ್ಳು, ಹರಳು. ರಾಗಿ ಕಮ್ಮಿ ಮಣ್ಣಿನಲ್ಲೂ ಬರುತ್ತದೆ, ಕಾಳು ಸಣ್ಣದು, ಬೇಗ ಹುಳ ಹಿಡಿಯಲ್ಲ, ವರ್ಷಗಟ್ಟಲೆ ಇಡಬಹುದು. ಅಂಗಡಿ ದೂರ ಇರುವ ಊರಿಗೆ ಇದಕ್ಕಿಂತ ಒಳ್ಳೆಯ ಧಾನ್ಯ ಇಲ್ಲ ಎಂದು ನನ್ನ ಅಭಿಪ್ರಾಯ. ತೆನೆ ಬಲಿತ ಮೇಲೆ ಆನೆ, ಹಂದಿ ಬರುತ್ತವೆ. ದೊಡ್ಡವರು ಮರದ ಮೇಲಿನ ಅಟ್ಟದಲ್ಲಿ ತಗಡಿನ ಡಬ್ಬ ಇಟ್ಟುಕೊಂಡು ರಾತ್ರಿ ಪೂರಾ ಕಾಯುತ್ತಾರೆ. ಒಂದು ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಅಜ್ಜ ಹೇಳುವ ಪ್ರಕಾರ ಮೊದಲು ಕಾಡಲ್ಲೇ ಹುಲ್ಲು, ಬಿದಿರು ಬೇಕಾದಷ್ಟಿತ್ತು. ಈಗ ಎಲ್ಲಿ ನೋಡಿದರೂ ಲಂಟಾನ. ಬ್ರಿಟಿಷರ ಕಾಲದಲ್ಲಿ ಹೂವಿನ ಅಂದಕ್ಕೆ ಅಂತ ತಂದ ಅಮೆರಿಕದ ಗಿಡವಂತೆ ಅದು. ಅದರ ಪೊದೆಯ ಕೆಳಗೆ ಹುಲ್ಲು ಏಳುವುದಿಲ್ಲ, ದನವೂ ಅದನ್ನು ಮೇಯುವುದಿಲ್ಲ. ನಮ್ಮ ಬೆಟ್ಟದ ಸೋಲಿಗರು ಅದೇ ಲಂಟಾನದ ಕಡ್ಡಿ ಬೇಯಿಸಿ ಕುರ್ಚಿ, ಬುಟ್ಟಿ ಮಾಡಲು ಕಲಿತಿದ್ದಾರೆ. ನೋಡದವರು ಒಮ್ಮೆ ನೋಡಿ, ಬೆತ್ತದ್ದು ಅಂತಲೇ ಅನ್ಸುತ್ತೆ.

ದನ ಇಲ್ಲದ ಮನೆ ನಮ್ಮೂರಲ್ಲಿಲ್ಲ. ಗಡಿಯಾಚೆಯ ಬರಗೂರು ಬೆಟ್ಟದ ಹೆಸರಿನ ಬರಗೂರು ತಳಿ ಕಲ್ಲು ಏರಿನಲ್ಲೂ ಚೆನ್ನಾಗಿ ನಡೆಯುತ್ತದೆ. ಆದರೆ ನಮ್ಮ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿ ಹುಲಿಗಳೂ ಇವೆ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ವಿಷ ಹಾಕಿದ್ದ ದನದ ಮಾಂಸ ತಿಂದು ಸತ್ತವು. ಆವತ್ತು ಹಾಸ್ಟೆಲಿನಲ್ಲಿ ಕೆಲವರು "ನಿಮ್ಮ ಕಡೆಯೋರೇ ಅಲ್ವಾ" ಅಂತ ನನ್ನನ್ನು ನೋಡಿ ಹೇಳಿದರು. ನನಗೆ ಅಳು ಬಂತು. ಹುಲಿ ಸತ್ತಿದ್ದಕ್ಕೆ ನಮ್ಮಜ್ಜಿ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ, ಯಾಕಂದರೆ ಹುಲಿ ಮಾದಪ್ಪನ ವಾಹನ. ಅದೇ ಅಜ್ಜಿ, ಹಸು ಹೋದ ಮನೆಯವರ ಸಂಕಟ ಏನು ಅಂತಲೂ ಬಲ್ಲರು.

ಇನ್ನು ರಸ್ತೆ. ರಸ್ತೆ ಇಲ್ಲದಿದ್ದರೆ ಸಾಮಾನಿನ ಬೆಲೆಯೇ ಬೇರೆ ಆಗುತ್ತದೆ. ಉಪ್ಪು, ಸೀಮೆಂಟು, ತಗಡು ಯಾವುದೇ ಕೊಂಡರೂ ಹತ್ತಿಸುವ ಕೂಲಿ ನಮ್ಮದು. ಅವರೆ, ಹರಳು ಮಾರಲು ಹೋದರೆ ಇಳಿಸುವ ಕೂಲಿಯೂ ನಮ್ಮದೇ. ಸಂಜೆಯೊಳಗೆ ವಾಪಸ್ ಹತ್ತಬೇಕು ಅಂತ ವ್ಯಾಪಾರಿಗೂ ಗೊತ್ತು, ಅದಕ್ಕೆ ಅವನು ಹೇಳಿದ ರೇಟಿಗೇ ಕೊಟ್ಟು ಬರುತ್ತೇವೆ. ಮಣ್ಣಿನ ಗೋಡೆ ನಮಗೇನು ಇಷ್ಟ ಅಂತ ಅಲ್ಲ. ಇಟ್ಟಿಗೆ ಹೊರುವವರು ಯಾರು?

ಕಾಯಿಲೆ ಬಿದ್ದರೆ ಡೋಲಿ. ಬಲವಾದ ಗಳಕ್ಕೆ ಕಂಬಳಿ ಕಟ್ಟಿ ಅದರಲ್ಲಿ ಮಲಗಿಸಿ, ನಾಲ್ಕು ಜನ ಹೊತ್ತು, ನಾಲ್ಕು ಜನ ಬದಲಿಗೆ ನಡೆಯುತ್ತಾರೆ. ಮುಂದೆ ಒಬ್ಬ ಟಾರ್ಚು, ಹಿಂದೆ ಒಬ್ಬ ಪಂಜು, ಆನೆಗಾಗಿ. ನಮ್ಮ ಚಿಕ್ಕಮ್ಮನಿಗೆ ಹೆರಿಗೆ ನೋವು ಬಂದಿದ್ದು ರಾತ್ರಿ ಹನ್ನೊಂದಕ್ಕೆ. ಕೂಸು ಹುಟ್ಟಿದ್ದು ಎರಡನೆಯ ಏರಿನ ಬಂಡೆ ಪಕ್ಕ. ಇಬ್ಬರೂ ಉಳಿದರು. ಎಲ್ಲ ಸಲ ಉಳಿಯುವುದಿಲ್ಲ, ಅದನ್ನು ಇಲ್ಲಿ ಬರೆಯಲಾರೆ.

ಶಾಲೆಗೂ ಇದೇ ದಾರಿ. ನಮ್ಮೂರಲ್ಲಿ ಐದನೆಯ ತರಗತಿಯವರೆಗೆ ಮಾತ್ರ ಇದೆ. ನನ್ನ ಜೊತೆ ಐದನೆಯದು ಮುಗಿಸಿದ ನಾಲ್ಕು ಹುಡುಗಿಯರಲ್ಲಿ ಹಾಸ್ಟೆಲಿಗೆ ಬಂದವಳು ನಾನೊಬ್ಬಳೇ. ಒಬ್ಬಳು ಗುಣಾಕಾರದಲ್ಲಿ ನನಗಿಂತ ಜೋರು. ಈಗ ಅವಳು ತಮ್ಮನನ್ನು ಆಡಿಸಿಕೊಂಡು ದನ ಕಾಯುತ್ತಾಳೆ. ಶನಿವಾರ ಹೋದಾಗ ನನ್ನ ನೋಟ್ ಪುಸ್ತಕ ಇಸ್ಕೊಂಡು ಓದುತ್ತಾಳೆ.

2024ರ ಲೋಕಸಭಾ ಚುನಾವಣೆ ಸಮಯದಲ್ಲಿ ಇಂಡಿಗನತ್ತದ ಹೆಸರು ಪೇಪರಿನಲ್ಲಿ ಬಂದಿದ್ದು ನಿಮಗೆ ನೆನಪಿರಬಹುದು. ಮೂಲಸೌಕರ್ಯ ಇಲ್ಲವೆಂದು ಮತದಾನ ಬಹಿಷ್ಕಾರ ಮಾಡಿದ್ದರು. ಏಪ್ರಿಲ್ 26ರಂದು ಗಲಾಟೆಯಾಗಿ ಮತಗಟ್ಟೆ ಒಡೆದುಹೋಯಿತು, 29ರಂದು ಮರುಮತದಾನ ನಡೆಯಿತು. ಒಡೆದದ್ದು ತಪ್ಪು. ಆದರೆ ಕೇಳಿದ್ದು ತಪ್ಪಲ್ಲ.

ಕಾಡಿನಲ್ಲಿ ರಸ್ತೆ ಮಾಡಲು ಕಾನೂನು ಬಿಡಲ್ಲ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ಹಾಗಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ರಸ್ತೆ, ಶಾಲೆ, ಅಂಗನವಾಡಿ, ಕುಡಿಯುವ ನೀರು ಮುಂತಾದವಕ್ಕೆ ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡುಭೂಮಿ ಕೊಡಬಹುದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು ಎಂದಿದೆ. ನಾನು ಲೆಕ್ಕ ಮಾಡಿದೆ. 7 ಕಿಲೋಮೀಟರಿಗೆ 3 ಮೀಟರ್ ಅಗಲ ಅಂದರೆ 21,000 ಚದರ ಮೀಟರ್, ಎರಡು ಹೆಕ್ಟೇರಿಗಿಂತ ಜಾಸ್ತಿ. ಪೂರ್ತಿ ದಾರಿ ಈ ಲೆಕ್ಕಕ್ಕೆ ಸಿಗುವುದಿಲ್ಲ. ಆದರೆ ಡೋಲಿ ಜಾರುವ ಎರಡು ಏರು ಸೇರಿ ಒಂದೂವರೆ ಕಿಲೋಮೀಟರ್ ಇರಬಹುದು, ಅದು ಅರ್ಧ ಹೆಕ್ಟೇರಿನ ಒಳಗೆ ಬರುತ್ತದೆ. ಅಜ್ಜನಿಗೆ ದೊಡ್ಡ ರಸ್ತೆ ಇಷ್ಟವಿಲ್ಲ. "ಲಾರಿ ಬಂದ್ರೆ ಮರ ಹೋಯ್ತವೆ, ಆಮೇಲೆ ನಾವೂ ಹೋಯ್ತೀವಿ" ಅಂತಾರೆ. ಜೀಪು ಹತ್ತುವಷ್ಟು ಕಲ್ಲುಹಾಸು ಸಾಕು ಎಂದು ಅವರೂ ಒಪ್ಪಿದ್ದಾರೆ.

ಗ್ರಾಮಸಭೆಗೆ ಕೊಡುವ ಅರ್ಜಿಯನ್ನು, ಅಕ್ಷರ ದುಂಡಗಿದೆ ಅಂತ, ನನ್ನ ಕೈಯಲ್ಲೇ ಬರೆಸಿದರು. ಆ ಎರಡು ಏರಿನಲ್ಲಿ ಎಷ್ಟು ಮರ ಇವೆ ಎಂದು ಬರೆಯುವ ಜಾಗ ಇನ್ನೂ ಖಾಲಿ ಇದೆ. ದಸರಾ ರಜೆಯಲ್ಲಿ ಎಣಿಸುತ್ತೇವೆ. ನಮ್ಮ ತರಗತಿಯಿಂದ ಯಾರಾದರೂ ಬರುವುದಾದರೆ ಶನಿವಾರ ಮಧ್ಯಾಹ್ನ ಗೇಟಿನ ಹತ್ತಿರ ಇರಿ. ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬನ್ನಿ. ಒಂದು ಬಾಟ್ಲು ನೀರನ್ನೂ ತನ್ನಿ.