ನುಡಿಯೂ ಮನೆಯ ದೀಪವೂ

ಶಾಸ್ತ್ರ ಹೇಳುವುದು, ಬದನೆಕಾಯಿ ತಿನ್ನುವುದು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಭೂಮಿಯ ತಾಪ ಏರುತ್ತಿದೆ, ಇಂಧನವನ್ನು ಮಿತವಾಗಿ ಬಳಸಿರಿ ಎಂದು ಲೋಕಕ್ಕೆ ಸಾರುವವರು ತಮ್ಮ ಮನೆಗಳಲ್ಲಿ ಹಾಗೆಯೇ ನಡೆಯುವರೇ? ಮೂವರ ಮನೆಗಳನ್ನು ನೋಡಿ ಈ ಪ್ರಶ್ನೆಯನ್ನು ವಿಚಾರ ಮಾಡೋಣ.

ಮೊದಲು ಅಳತೆಯನ್ನು ತಿಳಿಯಬೇಕು. ಸಾವಿರ ವಾಟ್ ಸಾಮರ್ಥ್ಯದ ಉಪಕರಣವು ಒಂದು ಗಂಟೆ ನಡೆದರೆ ವ್ಯಯವಾಗುವ ವಿದ್ಯುತ್ತೇ ಒಂದು ಯೂನಿಟ್.

ಅಮೆರಿಕದ ಮಾಜಿ ಉಪಾಧ್ಯಕ್ಷ ಆಲ್ ಗೋರ್ ಅವರು ಹವಾಮಾನದ ವಿಷಯದಲ್ಲಿ ಜನರನ್ನು ಎಚ್ಚರಿಸಿ, 2007ರ ನೊಬೆಲ್ ಶಾಂತಿ ಪಾರಿತೋಷಕವನ್ನು ಹಂಚಿಕೊಂಡವರು. ಆ ವರ್ಷದ ಆರಂಭದಲ್ಲಿಯೇ, ನ್ಯಾಶ್‌ವಿಲ್ ನಗರದ ಅವರ ಮನೆಯು 2006ರಲ್ಲಿ 1,90,000 ಯೂನಿಟ್‌ಗೂ ಹೆಚ್ಚು ವಿದ್ಯುತ್ತನ್ನು ಬಳಸಿತ್ತೆಂಬುದು ಬಯಲಾಯಿತು. ಅಲ್ಲಿನ ಸಾಮಾನ್ಯ ಕುಟುಂಬವು ವರ್ಷಕ್ಕೆ ಬಳಸುತ್ತಿದ್ದುದು ಸುಮಾರು 15,600 ಯೂನಿಟ್ ಮಾತ್ರ. ಮನೆಯೇ ಕಛೇರಿಯೂ ಆಗಿದೆ ಎಂಬ ಸಮಾಧಾನವನ್ನು ಟೀಕಾಕಾರರು ಒಪ್ಪಲಿಲ್ಲ. ಅದೇ ವರ್ಷ ಆ ಮನೆಗೆ ಸೌರಫಲಕಗಳೂ, ನೆಲದಾಳದ ಶಾಖವನ್ನು ಬಳಸುವ ವ್ಯವಸ್ಥೆಯೂ ಬಂದವು.

ಎರಡನೆಯದು ಅದೇ ದೇಶದ ಎಮೊರಿ ಲೋವಿನ್ಸ್ ಅವರ ಮನೆ. ಕೊಲೊರಾಡೊ ಪರ್ವತ ಪ್ರಾಂತದಲ್ಲಿ, 2,000 ಮೀಟರಿಗೂ ಎತ್ತರದಲ್ಲಿ, ಹಿಮ ಬೀಳುವ ಸ್ಥಳದಲ್ಲಿ ಅದು 1984ರಲ್ಲಿ ಪೂರ್ಣವಾಯಿತು. ಶಾಖವು ಹೊರಹೋಗದಂತೆ ದಪ್ಪ ಗೋಡೆಗಳನ್ನೂ ವಿಶೇಷ ಗಾಜಿನ ಕಿಟಕಿಗಳನ್ನೂ ಅಳವಡಿಸಿ, ಸೂರ್ಯನ ಬಿಸಿಲನ್ನು ಒಳಗೇ ಹಿಡಿದಿಡಲಾಯಿತು. ಅಂತಹ ಚಳಿಯ ನಾಡಿನಲ್ಲಿ ಆ ಮನೆಯೊಳಗೆ ಬಾಳೆಗೊನೆ ಹಣ್ಣಾಯಿತು!

ಮೂರನೆಯ ಮನೆ ನಮ್ಮ ದೇಶದ ಪುಣೆಯದು. ಅಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸಿದ ಡಾ. ಹೇಮಾ ಸಾನೆ ಅವರು ಬುಧವಾರ ಪೇಠೆಯ ನಡುವೆ ದಶಕಗಳ ಕಾಲ ವಿದ್ಯುತ್ ಸಂಪರ್ಕವಿಲ್ಲದೆ ಬದುಕಿದರು. ಅಂತೆಯೇ ಹಲವು ಗ್ರಂಥಗಳನ್ನು ಬರೆದರು.

ಸಾನೆಯವರು ಬೇಡಿಕೆಯನ್ನೇ ತಗ್ಗಿಸಿದರು. ಲೋವಿನ್ಸ್ ಸೌಕರ್ಯವನ್ನು ಬಿಡದೆ ಅಪವ್ಯಯವನ್ನು ತಗ್ಗಿಸಿದರು. ಗೋರ್ ಅವರ ಮನೆಯಲ್ಲಿ ತಿದ್ದುಪಡಿಯು ಟೀಕೆಯ ನಡುವೆ ಬಂದಿತು. ಹೇಳುವವನ ಮನೆಯಲ್ಲಿ ದೀಪ ಹೆಚ್ಚು ಉರಿದ ಮಾತ್ರಕ್ಕೆ ಭೂಮಿಯು ಬಿಸಿಯಾಗುತ್ತಿರುವ ಸತ್ಯವು ಸುಳ್ಳಾಗದು. ಆದರೆ ಕೇಳುವವನ ವಿಶ್ವಾಸ ಕುಂದುತ್ತದೆ. ಸತ್ಯಕ್ಕೆ ಪ್ರಮಾಣ ಸಾಕು. ಉಪದೇಶಕ್ಕೆ ನಡತೆಯೂ ಬೇಕು.

ಪರರ ಮನೆಯನ್ನು ಅಳೆದ ಕೋಲಿನಿಂದ ನಮ್ಮನ್ನೂ ಅಳೆದುಕೊಳ್ಳೋಣ. ‘ವಿದ್ಯುತ್ತನ್ನು ಉಳಿಸಿರಿ’ ಎಂದು ನಾವೇ ಬಣ್ಣದಲ್ಲಿ ಬರೆದ ಫಲಕವು ತರಗತಿಯ ಗೋಡೆಯಲ್ಲಿದೆ. ಆಟದ ವಿರಾಮದಲ್ಲಿ ಅದರ ಕೆಳಗೆ, ಯಾರೂ ಇಲ್ಲದ ಕೊಠಡಿಯಲ್ಲಿ, ನಾಲ್ಕು ಪಂಖಗಳು ತಿರುಗುತ್ತಿದ್ದುದನ್ನು ನಾವು ಕಂಡಿದ್ದೇವೆ. ಒಂದಕ್ಕೆ 75 ವಾಟ್‌ನಂತೆ ನಾಲ್ಕಕ್ಕೆ 300 ವಾಟ್. ಅರ್ಧ ಗಂಟೆಗೆ 0.15 ಯೂನಿಟ್, 200 ದಿನಗಳಿಗೆ 30 ಯೂನಿಟ್. 9 ವಾಟ್‌ನ ಎಲ್‌ಇಡಿ ದೀಪವೊಂದನ್ನು ಇದರಿಂದ 3,300 ಗಂಟೆಗಳಿಗೂ ಮಿಕ್ಕಿ ಉರಿಸಬಹುದು. ಒಬ್ಬ ವಿದ್ಯಾರ್ಥಿಯು ಇಡೀ ವರ್ಷ, ದಿನಕ್ಕೆ ಒಂಬತ್ತು ಗಂಟೆ ಓದಲು ಅಷ್ಟು ಬೆಳಕು ಸಾಕು.

ಫಲಕವನ್ನು ತೆಗೆಯಬೇಕಾಗಿಲ್ಲ, ಕೊಠಡಿಯಿಂದ ಕಡೆಯಲ್ಲಿ ಹೊರಡುವವನು ಗುಂಡಿಯನ್ನು ಒತ್ತಬೇಕು. ಇಂದು ಸಂಜೆ ಮನೆಯ ಮೀಟರಿನ ಅಂಕಿಯನ್ನು ಬರೆದಿಟ್ಟು, ಒಂದು ವಾರದ ಬಳಿಕ ಮತ್ತೆ ನೋಡೋಣ. ನಮ್ಮ ನುಡಿಗೆ ಸಾಕ್ಷಿ ಅಲ್ಲಿದೆ.