ಟಾರ್ಗೆಟ್ ಹಾಳೆಯ ಹಿಂದೆ ಏನಿಡಬೇಕು, ಏನಿಡಬಾರದು

ರೇಂಜ್ ಬಳಸುವ ಸದಸ್ಯರಿಗೆಲ್ಲ ಸೂಚನೆ. ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಟಾರ್ಗೆಟ್ ಹಾಳೆಯ ಹಿಂದೆ ಕಟ್ಟುವುದು ಇಂದಿಗೆ ನಿಲ್ಲಬೇಕು.

ಹಿಂದಿನ ಆಸರೆಗೆ ಇರುವುದು ಒಂದೇ ಕೆಲಸ: ಹಾಳೆಯನ್ನು ಬಿಗಿಯಾಗಿ, ಸಮತಟ್ಟಾಗಿ ಹಿಡಿದು, ತೂತು ಹರಿಯದಂತೆ ನೋಡಿಕೊಳ್ಳುವುದು. ಗುಂಡು ತಡೆಯಲು ಮಣ್ಣಿನ ದಿಬ್ಬವಿದೆ, ಏರ್‌ಗನ್ನಿಗೆ ಪೆಲೆಟ್ ಡಬ್ಬಿಯಿದೆ. ಕೈಲ್ ಮುಹೂರ್ತ ಹಬ್ಬದಲ್ಲಿ ಗುರಿಯಿಟ್ಟು ಹೊಡೆಯುವ ತೆಂಗಿನಕಾಯಿಗೆ ಈ ಯಾವ ತಾಪತ್ರಯವೂ ಇಲ್ಲ; ತಗುಲಿತೋ ಇಲ್ಲವೋ ಊರಿಗೇ ಕಾಣುತ್ತದೆ. ಹಾಳೆಯಲ್ಲಿ ಮಾತ್ರ ಅಂಕ ನಿಂತಿರುವುದು ತೂತಿನ ಅಂಚಿನ ಮೇಲೆ. ಅಂಚು ಗೆರೆಗೆ ತಾಗಿದರೆ ಮೇಲಿನ ಅಂಕ. 10 ಮೀಟರ್ ಏರ್ ರೈಫಲ್ ಹಾಳೆಯಲ್ಲಿ ಹತ್ತರ ಚುಕ್ಕೆ 0.5 ಮಿ.ಮೀ., ಪೆಲೆಟ್ 4.5 ಮಿ.ಮೀ. ಅಂಚೇ ಹರಿದುಹೋದ ಮೇಲೆ ಗೇಜ್ ಹಿಡಿದು ವಾದ ಮಾಡುವುದು ವ್ಯರ್ಥ.

ಮಾಡಬೇಕಾದ್ದು

.22 ರೈಫಲ್, ಪಿಸ್ತೂಲಿಗೆ ರಟ್ಟನ್ನೇ ಬಳಸಿ. ಫ್ರಿಜ್, ಟಿ.ವಿ. ಬಂದ ಐದು ಪ್ಲೈ ಪೆಟ್ಟಿಗೆಯ ರಟ್ಟಿಗೆ ಸಾಟಿಯಿಲ್ಲ. ಮೂರು ಪ್ಲೈ ಮಾತ್ರ ಸಿಕ್ಕಿದರೆ ಎರಡು ಪದರ ಸೇರಿಸಿ ಅಂಟಿಸಿ. ರಟ್ಟಿನೊಳಗಿನ ಅಲೆಗಳು ಮೇಲಿಂದ ಕೆಳಕ್ಕೆ ಬರುವಂತೆ ನಿಲ್ಲಿಸಿ. ಅಡ್ಡ ಇಟ್ಟರೆ ಗಾಳಿಗೆ ನಡುವೆಯೇ ಮಡಚಿಕೊಳ್ಳುತ್ತದೆ. ಪೆಟ್ಟಿಗೆಗೆ ಹೊಡೆದಿರುವ ಲೋಹದ ಪಿನ್ನುಗಳನ್ನು ಒಂದೂ ಬಿಡದೆ ಕಿತ್ತುಹಾಕಿ. ಚೌಕಟ್ಟಿಗೆ ಸಿಲ್ವರ್ ಓಕ್ ರೀಪರ್ ಸಾಕು, ಕಬ್ಬಿಣ ಬೇಡವೇ ಬೇಡ.

ಅಂಟಿಗೆ ಮೈದಾ ಕಾಯಿಸಿ. ನೀರಾಗಿ ಮಾಡಿದರೆ ಹಾಳೆ ಸುಕ್ಕಾಗುತ್ತದೆ. ಜಿರಲೆ ಕಾಟವಿದ್ದರೆ ಚಿಟಿಕೆ ಮೈಲುತುತ್ತ ಸೇರಿಸಿ, ಆದರೆ ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಕೂಡದು.

ಮಳೆಗಾಲಕ್ಕೆ ರಟ್ಟು ಆಗುವುದಿಲ್ಲ. ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನಕ್ಕೆ ನೆನೆದ ಹಪ್ಪಳದಂತೆ ಜೋತುಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸನ್‌ಪ್ಯಾಕ್ ಶೀಟ್ ಹಾಕಿ. ಚುನಾವಣೆ ಮುಗಿದ ಮೇಲೆ ಮೂಲೆಮೂಲೆಯಲ್ಲಿ ಬಿದ್ದಿರುತ್ತವಲ್ಲ, ಆ ಬೋರ್ಡುಗಳೇ. ನೀರು ಕುಡಿಯುವುದಿಲ್ಲ, ಹಗುರ, ಅದರ ಕೊಳವೆಗಳಲ್ಲಿ ಬಿದಿರು ಕಡ್ಡಿ ತೂರಿಸಿದರೆ ನೆಟ್ಟಗೆ ನಿಲ್ಲುತ್ತದೆ.

ಏರ್‌ಗನ್ನಿನ ಅಸಲಿ ಹಾಳೆ ತಾನೇ ಗಟ್ಟಿಯಾಗಿರುತ್ತದೆ. ಜೆರಾಕ್ಸ್ ಹಾಳೆಗೆ ಹೊಡೆಯುವವರು ಹಿಂದೆ ಒಂದು ಹಳೆಯ ಮದುವೆ ಕಾರ್ಡ್ ಇಡಿ.

ಪ್ರತಿ ಸರದಿಗೆ ಮೊದಲು ಹಾಳೆಯ ನಡುವೆ ಬೆರಳಿನಿಂದ ಒತ್ತಿ ನೋಡಿ. ಒಳಕ್ಕೆ ತಗ್ಗಿದರೆ ಹಿಂದಿನ ರಟ್ಟು ಮುಗಿಯಿತು ಎಂದೇ ಅರ್ಥ: ಹಾಳೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ, ಇಲ್ಲವೇ ರಟ್ಟು ಬದಲಿಸಿ. ಆಸರೆ ಸರಿಯಿದ್ದರೆ ಏರ್‌ಗನ್ನಿನ ಚಪ್ಪಟೆ ಮೂತಿಯ ಪೆಲೆಟ್ ಪಂಚಿಂಗ್ ಮೆಷಿನ್ ಒತ್ತಿದ ಹಾಗೆ ದುಂಡಗೆ ಕತ್ತರಿಸುತ್ತದೆ. .22ರ ಉರುಟು ಮೂತಿ ಕಾಗದವನ್ನು ತಳ್ಳಿಕೊಂಡೇ ತೂರುವುದರಿಂದ, ಹಿಂದೆ ಬಯಲಾಗಿದ್ದರೆ ತೂತಿನ ಸುತ್ತ ನಾಲ್ಕು ಸೀಳು ಬೀಳುತ್ತವೆ. ಅದರಲ್ಲೊಂದು ಒಂಬತ್ತರ ಗೆರೆ ಮುಟ್ಟಿರುತ್ತದೆ, ಜಗಳ ಶುರುವಾಗುತ್ತದೆ.

50 ಮೀಟರ್ ಸ್ಪರ್ಧೆಯ ದಿನ, ಈ ಆಸರೆಯಲ್ಲದೆ, ಹಾಳೆಯ ಹಿಂದೆ ಅರ್ಧದಿಂದ ಒಂದು ಮೀಟರ್ ದೂರದಲ್ಲಿ ಇನ್ನೊಂದು ಕಾರ್ಡ್ ನಿಲ್ಲಿಸಬೇಕು. ಪಕ್ಕದ ಲೇನಿನವರು ತಪ್ಪಿ ನಿಮ್ಮ ಹಾಳೆಗೆ ಹೊಡೆದಿದ್ದರೆ ಎರಡು ತೂತುಗಳ ಓರೆ ಅದನ್ನು ಹೇಳಿಬಿಡುತ್ತದೆ.

ಮಾಡಬಾರದ್ದು

ಪ್ಲೈವುಡ್, ಮರದ ಹಲಗೆ, ತಗಡು, ಟೈಲ್ಸ್ ಇಡಬೇಡಿ. ಬೇರೊಂದು ರೇಂಜಿನಲ್ಲಿ, ಬುದ್ಧಿ ಬಲಿಯದ ಕಾಲದಲ್ಲಿ, ಏರ್ ಪಿಸ್ತೂಲಿನ ಹಾಳೆಗೆ ನಾನೇ ದಪ್ಪ ಪ್ಲೈವುಡ್ ಕೊಟ್ಟಿದ್ದೆ. ಮೂರನೆಯ ಪೆಲೆಟ್ ಹುರಿಗಡಲೆಯಷ್ಟು ಚಪ್ಪಟೆಯಾಗಿ ತಿರುಗಿ ಬಂದು ಕನ್ನಡಕದ ಎಡಗಾಜಿಗೆ ಟಪ್ಪೆಂದು ಬಡಿಯಿತು. ಕನ್ನಡಕ ಹಾಕದೆ ಲೇನಿಗೆ ಕಾಲಿಡಬೇಡಿ ಎಂದು ಅಂದಿನಿಂದ ಹೇಳುತ್ತಲೇ ಇದ್ದೇನೆ.

ಥರ್ಮೋಕೋಲ್ ಬೇಡ. ಅದರ ಕಾಳುಗಳನ್ನು ದಿಬ್ಬದ ಹುಲ್ಲಿನಿಂದ ಆರಿಸುವವರು ನೀವಲ್ಲ. ರಬ್ಬರ್ ಮ್ಯಾಟ್ ಮತ್ತು ಟೈರಿನ ತುಂಡೂ ಬೇಡ, ಗುಂಡು ಪುಟಿಯುವ ಅಪಾಯವಿದೆ.

ದೇವರ ಚಿತ್ರವಿರುವ ಕ್ಯಾಲೆಂಡರ್, ಗಣಪತಿ ಇರುವ ಮದುವೆ ಕಾರ್ಡ್, ನಾಯಕರ ಮುಖವಿರುವ ಬೋರ್ಡ್: ಇವನ್ನು ಹಾಗೆಯೇ ಬಳಸಬೇಡಿ. ಕಾರ್ಡಿನ ಖಾಲಿ ಭಾಗ ಕತ್ತರಿಸಿಕೊಳ್ಳಿ, ಬೋರ್ಡಿಗೆ ಎರಡೂ ಕಡೆ ಬಿಳಿ ಹಾಳೆ ಅಂಟಿಸಿ.

ರೇಂಜ್ ಆಫೀಸರ್ ಕೂಗಿ ಹೇಳುವ ತನಕ ರಟ್ಟು ಸರಿಪಡಿಸಲು ಯಾರೂ ಮುಂದೆ ಹೋಗಕೂಡದು. ಗಾಳಿಗೆ ಹಾಳೆ ಹಾರಿಹೋಗಲಿ, ಪರವಾಗಿಲ್ಲ.

ಕೊನೆಯದು, ನಾನು ಸಡಿಲ ಬಿಡದ ನಿಯಮ. ಹೊಡೆದು ಹಳತಾದ ರಟ್ಟನ್ನು ಮನೆಗೆ ಒಯ್ಯಬೇಡಿ. ಹಂಡೆ ಒಲೆಗೆ ಒಳ್ಳೆಯ ಉರುವಲು ಎಂದು ಕಟ್ಟು ಕಟ್ಟಿ ಒಯ್ದವರನ್ನು ಕಂಡಿದ್ದೇನೆ. ಅದರ ಮಡಿಕೆಗಳಲ್ಲಿ ಸೀಸದ ಪುಡಿ ಇರುತ್ತದೆ. ಉರಿದರೆ ಹೊಗೆಯ ಜೊತೆ ಬಚ್ಚಲಿನ ತುಂಬ ಹರಡುತ್ತದೆ, ಮಕ್ಕಳಿಗೆ ಅದು ವಿಷ. ಗುಜರಿಯವನಿಗೂ ಮಾರಬೇಡಿ. ರಟ್ಟು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕಾಫಿ ಲೋಟ ಹಿಡಿಯಬೇಡಿ. ಹಳೆಯ ರಟ್ಟು ಹಾಕಲು ಶೆಡ್ಡಿನ ಪಕ್ಕ ಮುಚ್ಚಳವಿರುವ ಕೆಂಪು ಡ್ರಮ್ ಇದೆ.