ಯುದ್ಧದ ಕಣ್ಣಾದ ವಿಮಾನ

ವಿಮಾನವು ಯುದ್ಧಕ್ಕೆ ಮೊದಲು ಒದಗಿದುದು ಆಯುಧವಾಗಿ ಅಲ್ಲ, ಕಣ್ಣಾಗಿ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ಯಂತ್ರವು ಮೊದಲ ಸಲ ನೆಲಬಿಟ್ಟು ಗಾಳಿಯಲ್ಲಿದ್ದುದು ಕೇವಲ 12 ಸೆಕೆಂಡು. 1909ರಲ್ಲಿ ಬ್ಲೇರಿಯೋ ಇಂಗ್ಲಿಷ್ ಕಾಲುವೆಯನ್ನು ಹಾರಿ ದಾಟಿದನು. ಅವನ ಮಾದರಿಯ ವಿಮಾನದಲ್ಲಿಯೇ 1911ರ ಅಕ್ಟೋಬರ್ 23ರಂದು ಇಟಲಿಯ ಕ್ಯಾಪ್ಟನ್ ಪಿಯಾಜ್ಜಾ ಟ್ರಿಪೋಲಿಯ ಬಳಿ ತುರ್ಕಿ ಸೈನ್ಯದ ನೆಲೆಗಳನ್ನು ಮೇಲಿನಿಂದ ನೋಡಿ ಬಂದನು. ಯುದ್ಧದಲ್ಲಿ ವಿಮಾನದಿಂದ ನಡೆದ ಮೊದಲ ವೀಕ್ಷಣೆ ಇದೇ.

ಅದುವರೆಗೆ ಈ ಕೆಲಸ ಹೆಚ್ಚಾಗಿ ಕುದುರೆ ಸವಾರರದು. ಗುಡ್ಡದಾಚೆಗಿನದು ಸವಾರನಿಗೆ ಕಾಣದು. ವೈರಿಯ ಕಾವಲನ್ನು ತಪ್ಪಿಸಿ ಹಿಂದಿರುಗುವುದರೊಳಗೆ ಸುದ್ದಿ ಹಳತಾಗುತ್ತಿತ್ತು.

ಹೊಸ ಕಣ್ಣಿನ ಬೆಲೆ ತಿಳಿದುದು ಮೊದಲನೆಯ ಮಹಾಯುದ್ಧದಲ್ಲಿ. 1914ರ ಸೆಪ್ಟೆಂಬರ್ ಮೊದಲ ವಾರ ಜರ್ಮನ್ ಸೇನೆ ಪ್ಯಾರಿಸ್ಸಿನ ಹೊಸ್ತಿಲಿಗೆ ಬಂದಿತ್ತು. ಫ್ರೆಂಚ್ ಸರ್ಕಾರವು ಬೋರ್ಡೋ ನಗರಕ್ಕೆ ತೆರಳಿತ್ತು. 3ನೆಯ ತಾರೀಖು ವೈಮಾನಿಕರು ಅಚ್ಚರಿಯ ವರದಿಯನ್ನು ತಂದರು: ಫಾನ್ ಕ್ಲುಕ್‌ನ ದಂಡು ಪ್ಯಾರಿಸ್ಸಿಗೆ ಬರದೆ ಆಗ್ನೇಯಕ್ಕೆ ತಿರುಗಿದೆ, ಅದರ ಬಲಪಕ್ಕೆ ಬಯಲಾಗಿದೆ. ನಗರರಕ್ಷಣೆಯ ಹೊಣೆ ಹೊತ್ತ ಗ್ಯಾಲಿಯೆನಿ ಆ ಮಾತನ್ನು ನಂಬಿ, ಅಲ್ಲಿಗೇ ಹೊಡೆಯಬೇಕೆಂದು ಪಟ್ಟು ಹಿಡಿದನು. ಮಹಾದಂಡನಾಯಕ ಜೋಫ್ರ್ ಒಪ್ಪಿದನು. ಮಾರ್ನ್ ಕದನದಲ್ಲಿ ಜರ್ಮನರು ಹಿಮ್ಮೆಟ್ಟಿದರು, ಪ್ಯಾರಿಸ್ ಉಳಿಯಿತು.

ಕಂಡುದನ್ನು ಕಂಡಂತೆ ಹೇಳಿದವರೂ, ಅದನ್ನು ಕೇಳಿ ತಡಮಾಡದೆ ನಡೆದವರೂ ಇದ್ದುದರಿಂದಲೇ ಆ ನೋಟ ಫಲಿಸಿತೆಂಬುದನ್ನು ನಾವು ಮರೆಯಲಾಗದು.